ದಾದಿಗೂ ಡಾಕ್ಟರೇಟ್

ಹತ್ತನೇ ತರಗತಿಯ ಪರೀಕ್ಷೆ ಮುಗಿಯುತ್ತಿದ್ದಂತೆ ಕೊಲ್ಲಿ ನಾಡಿನ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ಡಾಕ್ಟರೋ, ಇಂಜಿನಿಯರೋ? ಮಗಳು ನರ್ಸಿಂಗ್ ಎಂದು ಬಾಯಿಬಿಟ್ಟರೆ "ಮಾರ್ಕ್ಸ್ ಅಷ್ಟು ಕಡಿಮೆ ಬಂತೇ?" ಎಂದು ಕೇಳುವವರೇ ಹೆಚ್ಚು. ನರ್ಸ್ ಆಗಿ ದುಡಿದು ಊರಿನಲ್ಲಿ ಮನೆ ಕಟ್ಟಿಸಿದ ತಾಯಂದಿರೂ ಬೇಡ ಎನ್ನುತ್ತಾರೆ. ರಾತ್ರಿ ಪಾಳಿಯ ಕಷ್ಟ ಅವರಿಗೆ ಗೊತ್ತು, ಅದನ್ನು ತಪ್ಪೆನ್ನಲಾರೆ. ಆದರೆ ಈ ವಿದ್ಯೆಗೆ ಮೇಲಿನ ಮೆಟ್ಟಿಲೇ ಇಲ್ಲ ಎಂಬ ಮಾತನ್ನು ಒಪ್ಪಲಾರೆ.

ನಾಲ್ಕು ವರ್ಷದ ಬಿ.ಎಸ್‌ಸಿ., ಎರಡು ವರ್ಷದ ಎಂ.ಎಸ್‌ಸಿ., ಬಳಿಕ ಪಿಎಚ್.ಡಿ. ಇದು ಭಾರತದ ದಾರಿ. ಅಮೆರಿಕದಲ್ಲಿ ಇನ್ನೊಂದಿದೆ: 'ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್', ಅಂದರೆ ಡಿ.ಎನ್.ಪಿ. ಕೆಂಟಕಿ ವಿಶ್ವವಿದ್ಯಾಲಯ 2001ರಲ್ಲಿ ಇದನ್ನು ಆರಂಭಿಸಿತು. ಪಿಎಚ್.ಡಿ. ಹೊಸ ಜ್ಞಾನ ಹುಡುಕುವವರಿಗೆ, ಡಿ.ಎನ್.ಪಿ. ಆ ಜ್ಞಾನವನ್ನು ರೋಗಿಯ ಮಂಚದವರೆಗೆ ತರುವವರಿಗೆ. ವಾರ್ಡಿನಲ್ಲಿ ವೃದ್ಧರು ಬೀಳುವುದೇಕೆ, ಹಾಸಿಗೆ ಹುಣ್ಣು ತಡೆಯುವುದು ಹೇಗೆ ಎಂಬಂಥ ಒಂದು ಪ್ರಶ್ನೆ ಹಿಡಿದು, ಕೆಲಸದ ಕ್ರಮ ಬದಲಿಸಿ, ಫಲ ಸಿಕ್ಕಿತೇ ಎಂದು ಅಳೆದು ತೋರಿಸಬೇಕು. ನನಗೆ ಇದು ಗ್ರಂಥಾಲಯದ ಸಂಶೋಧನೆಗಿಂತ ಕಡಿಮೆಯದೆಂದು ಅನಿಸುವುದಿಲ್ಲ.

ಆದರೂ ಪೋಷಕರೇ, ಸಾಲ ಮಾಡುವ ಮುನ್ನ ವಿಚಾರಿಸಿ. ಉನ್ನತ ಹಂತದ ನರ್ಸ್‌ಗಳಿಗೆಲ್ಲ 2015ರೊಳಗೆ ಈ ಪದವಿ ಇರಬೇಕೆಂದು ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಗುರಿ ಇಟ್ಟಿತ್ತು. ಗುರಿ ಈಡೇರಲಿಲ್ಲ. ನರ್ಸ್ ಪ್ರಾಕ್ಟಿಷನರ್ ಆಗಲು ಈಗಲೂ ಸ್ನಾತಕೋತ್ತರ ಪದವಿ ಸಾಕು. ಡಾಕ್ಟರೇಟ್ ಇದ್ದ ಮಾತ್ರಕ್ಕೆ ಲೈಸೆನ್ಸಿನಲ್ಲಿ ಹೆಚ್ಚಿನ ಅಧಿಕಾರ ಸಿಗುವುದಿಲ್ಲ. ಅರಿವಳಿಕೆ ಕೊಡುವ ನರ್ಸ್‌ಗಳ ಮಾತು ಬೇರೆ. 2022ರಿಂದ ಆ ಕೋರ್ಸಿಗೆ ಸೇರುವವರಿಗೆ ಡಾಕ್ಟರೇಟ್ ಕಡ್ಡಾಯ.

ಹೆಸರಿನ ಮುಂದೆ 'ಡಾ.' ಬರುತ್ತದೆಂಬ ಆಸೆಗೆ ಮಾತ್ರ ಯಾರೂ ಹೋಗಬಾರದು. ಕ್ಯಾಲಿಫೋರ್ನಿಯಾದಲ್ಲಿ ಈ ಪದವಿ ಪಡೆದ ಮೂವರು ನರ್ಸ್‌ಗಳು ಆ ಎರಡಕ್ಷರಕ್ಕಾಗಿ 2023ರಲ್ಲಿ ಕೋರ್ಟಿನ ಮೆಟ್ಟಿಲೇರಬೇಕಾಯಿತು!

ವಿದ್ಯಾರ್ಥಿಗಳೇ, ಮೊದಲು ಬಿ.ಎಸ್‌ಸಿ. ಮುಗಿಸಿ ಕೆಲವು ವರ್ಷ ವಾರ್ಡಿನಲ್ಲಿ ನಿಂತು ನೋಡಿ. ಬದಲಿಸಬೇಕಾದದ್ದು ಏನೆಂದು ಅಲ್ಲೇ ತಿಳಿಯುವುದು. ಗಂಡುಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ಶಾಲೆಗೊಂದು ಕೋರಿಕೆ. ವೃತ್ತಿ ಮಾರ್ಗದರ್ಶನಕ್ಕೆ ಮುಂದಿನ ಸಲ ಒಬ್ಬ ನರ್ಸ್ ಅವರನ್ನೂ ಕರೆಯಿರಿ. ನಮ್ಮ ಪೋಷಕರಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಹಿಂದಿನ ರಾತ್ರಿ ಪಾಳಿ ಇಲ್ಲದ ದಿನ ನೋಡಿ ಕರೆದರಾಯಿತು.