ಆಟದ ಆಯುಷ್ಯ ಯಾರ ಕೈಯಲ್ಲಿ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಭದ್ರತಾ ಪರಿಷ್ಕರಣೆಗಳನ್ನು ಇನ್ನೊಂದು ವರ್ಷ ಪಡೆಯುವ ದಾರಿಯೊಂದನ್ನು ತೆರೆದಿಟ್ಟಿತಾದರೂ ಅದು ಗಡುವಿನ ಮುಂದೂಡಿಕೆಯಷ್ಟೆ. ವಿಂಡೋಸ್ 11 ಬೇಕೆಂದರೆ ಗಣಕಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ಪ್ರೊಸೆಸರು ಕಂಪನಿಯ ಪಟ್ಟಿಯಲ್ಲಿರಬೇಕು. 2017ಕ್ಕಿಂತ ಹಿಂದೆ ತಯಾರಾದ ಬಹುಪಾಲು ಗಣಕಗಳು ಈ ಪಟ್ಟಿಯಿಂದ ಹೊರಗುಳಿದವು. ಪರದೆ ಬೆಳಗುತ್ತಿದೆ, ಕೀಲಿಮಣೆ ಸರಿಯಿದೆ, ಯಂತ್ರಕ್ಕೆ ಯಾವ ರೋಗವೂ ಇಲ್ಲ. ಆದರೂ ಅದು ನಿರುಪಯುಕ್ತವೆಂಬ ತೀರ್ಪು ಬಂದಿದೆ. ಈ ಒಂದು ನಿರ್ಧಾರದಿಂದ ಸುಮಾರು 24 ಕೋಟಿ ಗಣಕಗಳು ಕಸದ ರಾಶಿ ಸೇರಬಹುದೆಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆಯು 2023ರ ಡಿಸೆಂಬರಿನಲ್ಲೇ ಅಂದಾಜಿಸಿತ್ತು.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಉಂಟಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ. ಒಂದು ಗಣಕವು ಭೂಮಿಯ ಮೇಲೆ ಹೊರಿಸುವ ಭಾರದಲ್ಲಿ ದೊಡ್ಡ ಪಾಲು ಅದರ ತಯಾರಿಕೆಯಲ್ಲೇ, ಅಂದರೆ ಗಣಿ, ನೀರು ಮತ್ತು ವಿದ್ಯುತ್ತಿನ ರೂಪದಲ್ಲೇ ಸಂದುಹೋಗಿರುತ್ತದೆ. ಆದಕಾರಣ ಇರುವ ಯಂತ್ರವನ್ನು ಇನ್ನೂ ಐದು ವರ್ಷ ಬಳಸುವುದಕ್ಕಿಂತ ಸುಲಭವಾದ ಪರಿಸರ ಕಾರ್ಯ ಬೇರೊಂದಿಲ್ಲ. ಅದಕ್ಕೆ ಇರುವ ಉಪಾಯವೇ ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಮುಕ್ತ ತಂತ್ರಾಂಶವಿದು.

ಈ ಸಲಹೆ ಕಿವಿಗೆ ಬಿದ್ದೊಡನೆ ಹುಡುಗರು ಕೇಳುವ ಪ್ರಶ್ನೆ ಒಂದೇ: ಅದರಲ್ಲಿ ಆಟ ನಡೆಯುತ್ತದೆಯೇ? ಆಟವೆಂದರೆ ಕಾಲಹರಣವೆಂದು ಬಗೆಯುವ ಹಿರಿಯರು ಈ ಪ್ರಶ್ನೆಯನ್ನು ತಳ್ಳಿಹಾಕುವುದುಂಟು. ಅದು ಸರಿಯಲ್ಲ. ಪತ್ರ ಬರೆಯಲು, ಲೆಕ್ಕ ಇಡಲು ಲಿನಕ್ಸ್ ಸಾಕೆಂಬುದು ಬಹಳ ಹಿಂದೆಯೇ ಸಿದ್ಧವಾಗಿದೆ. ಅನೇಕ ಮನೆಗಳ ಗಣಕವನ್ನು ಇನ್ನೂ ವಿಂಡೋಸಿಗೆ ಕಟ್ಟಿಹಾಕಿರುವ ಹಗ್ಗ ಆಟವೇ. ಆ ಹಗ್ಗವನ್ನು ಬಿಡಿಸಲು ಆಟಗಾರರು ಮೂವತ್ತು ವರ್ಷ ನಡೆಸಿದ ಪ್ರಯತ್ನ ಮಲೆನಾಡಿನ ಓದುಗರಿಗೂ ತಿಳಿದಿರಬೇಕಾದದ್ದು.

ಕಂಪನಿ ಮುಚ್ಚಿತು, ಕೆಲಸ ಉಳಿಯಿತು

1995ರ ಕೊನೆಯಲ್ಲಿ ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ನಾಗರಿಕತೆ ಕಟ್ಟುವ ಆಟವೊಂದನ್ನು ಬರೆಯತೊಡಗಿದರು. ಅದೇ ಫ್ರೀಸಿವ್. ಆ ಮೂವರ ತರುವಾಯ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಅದನ್ನು ಮುಂದುವರಿಸಿದರು; ಆಟ ಇಂದಿಗೂ ಜೀವಂತವಾಗಿದೆ. ಅಮೆರಿಕದ ಐಡಿ ಸಾಫ್ಟ್‌ವೇರ್ ಕಂಪನಿಯು 1993ರ ತನ್ನ ಪ್ರಸಿದ್ಧ ಆಟ 'ಡೂಮ್'ನ ಮೂಲ ಸಂಕೇತವನ್ನು, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಬರಹವನ್ನು, 1997ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿತು. ಅಂದಿನಿಂದ ಆ ಆಟ ತಲುಪದ ಯಂತ್ರವೇ ಇಲ್ಲವೆನ್ನಬೇಕು. ಅದೇ ಕಂಪನಿಯು 'ಕ್ವೇಕ್ 3'ರ ಸಂಕೇತವನ್ನು 2005ರಲ್ಲಿ ಬಿಟ್ಟುಕೊಟ್ಟಾಗ, ಆಟಗಾರರು ತಾವೇ ಚಿತ್ರ ಬರೆದು, ಧ್ವನಿ ಸೇರಿಸಿ 'ಓಪನ್ ಅರೇನಾ' ಎಂಬ ಸಂಪೂರ್ಣ ಮುಕ್ತ ಆಟವನ್ನು ಕಟ್ಟಿಕೊಂಡರು.

ಇದಕ್ಕೆ ವ್ಯತಿರಿಕ್ತವಾಗಿ, ಲಿನಕ್ಸಿಗೆ ಆಟಗಳನ್ನು ಹೊಂದಿಸಿ ಮಾರಲೆಂದೇ 1998ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಲೋಕಿ ಎಂಬ ಕಂಪನಿ 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಕೊಳ್ಳುವವರು ಸಾಲಲಿಲ್ಲ. ಆದರೆ ಅಲ್ಲಿ ದುಡಿದ ಸ್ಯಾಮ್ ಲ್ಯಾಂಟಿಂಗಾ ಆರಂಭಿಸಿದ್ದ ಎಸ್‌ಡಿಎಲ್ ಎಂಬ ತಂತ್ರಾಂಶ ಭಂಡಾರವು ಮುಕ್ತವಾಗಿದ್ದ ಕಾರಣ ಕಂಪನಿಯೊಡನೆ ಸಾಯಲಿಲ್ಲ. ಚಿತ್ರ, ಧ್ವನಿ ಮತ್ತು ಕೀಲಿಮಣೆಯನ್ನು ಆಟಕ್ಕೆ ಬೆಸೆಯುವ ಆ ಭಂಡಾರವನ್ನು ಇಂದು ಅಸಂಖ್ಯ ಆಟಗಳು ಬಳಸುತ್ತಿವೆ. ಮುಚ್ಚಿಟ್ಟ ಬೀಜ ಕೊಳೆಯುತ್ತದೆ, ಹಂಚಿದ ಬೀಜ ಮೊಳೆಯುತ್ತದೆ ಎಂಬ ರೈತರ ಅನುಭವಕ್ಕೂ ಇದಕ್ಕೂ ದೂರವಿಲ್ಲ.

ಒಬ್ಬ ಆಟಗಾರನ ಹಟ

ವಿಂಡೋಸಿಗಾಗಿ ಬರೆದ ಆಟವನ್ನು ಲಿನಕ್ಸಿನಲ್ಲಿ ನಡೆಸುವ ಬಗೆ ಹೇಗೆ? 1993ರಲ್ಲಿ ಆರಂಭವಾದ ವೈನ್ ಯೋಜನೆಯು ಇದಕ್ಕೆ ದ್ವಿಭಾಷಿಯ ಕೆಲಸ ಮಾಡುತ್ತದೆ. ಆಟವು ವಿಂಡೋಸನ್ನು ಕೇಳುವ ಪ್ರತಿಯೊಂದು ಬೇಡಿಕೆಯನ್ನೂ ಅದು ಲಿನಕ್ಸಿಗೆ ಅರ್ಥವಾಗುವಂತೆ ಹೇಳುತ್ತದೆ. ಹೊಸ ಆಟಗಳ ಮೂರು ಆಯಾಮದ ಚಿತ್ರಗಳು ಮಾತ್ರ ಬಹುಕಾಲ ತೊಡಕಾಗಿಯೇ ಉಳಿದವು. 'ನಿಯರ್: ಆಟೋಮಾಟಾ' ಎಂಬ ಆಟವನ್ನು ಲಿನಕ್ಸಿನಲ್ಲೇ ಆಡಬೇಕೆಂಬ ಹಟಕ್ಕೆ ಬಿದ್ದ ಫಿಲಿಪ್ ರೆಬೋಲೆ ಎಂಬ ತರುಣನು ಆ ಚಿತ್ರಗಳನ್ನು ಭಾಷಾಂತರಿಸುವ ಡಿಎಕ್ಸ್‌ವಿಕೆ ಎಂಬ ತಂತ್ರಾಂಶವನ್ನು ಬರೆದು 2018ರ ಆರಂಭದಲ್ಲಿ ಬಿಡುಗಡೆ ಮಾಡಿದನು. ಸ್ಟೀಮ್ ಎಂಬ ಆಟದಂಗಡಿ ನಡೆಸುವ ವಾಲ್ವ್ ಕಂಪನಿ ಅವನ ನೆರವಿಗೆ ನಿಂತು, ವೈನ್ ಮತ್ತು ಡಿಎಕ್ಸ್‌ವಿಕೆಗಳನ್ನು ಕೂಡಿಸಿದ 'ಪ್ರೋಟಾನ್' ಅನ್ನು 2018ರ ಆಗಸ್ಟಿನಲ್ಲಿ ಹೊರತಂದಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವು ಲಿನಕ್ಸ್ ಮೇಲೆಯೇ ನಡೆಯುತ್ತದೆ. ಒಂದು ಕಾಲಕ್ಕೆ ಶೇಕಡ 1ರ ಆಸುಪಾಸಿನಲ್ಲಿದ್ದ ಲಿನಕ್ಸ್ ಆಟಗಾರರ ಪಾಲು, ಸ್ಟೀಮಿನ ಸಮೀಕ್ಷೆಯಲ್ಲಿ 2025ರ ಅಕ್ಟೋಬರಿನಲ್ಲಿ ಶೇಕಡ 3ನ್ನು ದಾಟಿತು.

ಇದು ಹಣವೊಂದರಿಂದಲೇ ಆದ ಕಾರ್ಯವಲ್ಲ. ಆಟ ನಡೆಯದಿದ್ದರೆ ಆಟಗಾರನು ಗೊಣಗಿ ಸುಮ್ಮನಾಗದೆ, ತನ್ನ ಯಂತ್ರದ ಬಗೆ, ಕಂಡ ದೋಷ, ದೋಷ ನೀಗಿದ ವಿಧಾನ ಎಲ್ಲವನ್ನೂ ದಾಖಲಿಸಿಡುತ್ತಾನೆ. 2018ರಲ್ಲಿ ಆರಂಭವಾದ ಪ್ರೋಟಾನ್‌ಡಿಬಿ ಎಂಬ ದಾಖಲೆ ಹೀಗೆ ಬೆಳೆದದ್ದು. ಅಲ್ಲಿ ಪ್ರತಿ ಆಟಕ್ಕೂ ಆಟಗಾರರೇ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂಬ ದರ್ಜೆಯನ್ನು ನೀಡುತ್ತಾರೆ. ಲೂಟ್ರಿಸ್ ಎಂಬ ಮುಕ್ತ ತಂತ್ರಾಂಶಕ್ಕಾಗಿ ಹಳೆಯ ಆಟಗಳನ್ನು ಸ್ಥಾಪಿಸುವ ಕ್ರಮವನ್ನು ಸ್ವಯಂಸೇವಕರು ಬರೆದಿಡುತ್ತಾರೆ. ಒಬ್ಬನ ಒಂದು ರಾತ್ರಿಯ ನಿದ್ರೆಗೇಡು ಸಾವಿರ ಜನರ ಸಮಯವನ್ನು ಉಳಿಸುತ್ತದೆ. ಹನಿಗೂಡಿದರೆ ಹಳ್ಳವೆಂಬ ಮಾತಿಗೆ ಬೇರೆ ನಿದರ್ಶನ ಬೇಕಿಲ್ಲ.

ಮೈಮರೆಯುವ ಕಾಲವಲ್ಲ

ಆದರೆ ಈ ಗೆಲುವಿನಲ್ಲೊಂದು ಬಿರುಕಿದೆ. ಪ್ರೋಟಾನ್ ಮುಕ್ತವಾಗಿದೆ, ಅದರ ಮೇಲೆ ನಡೆಯುವ ಆಟಗಳು ಮುಕ್ತವಲ್ಲ. 2024ರ ಅಕ್ಟೋಬರಿನಿಂದ ಸ್ಟೀಮ್ ಅಂಗಡಿಯೇ, ಗ್ರಾಹಕರು ಕೊಳ್ಳುತ್ತಿರುವುದು ಆಟದ ಬಳಕೆಯ ಪರವಾನಗಿಯನ್ನು ಮಾತ್ರ ಎಂದು ಖರೀದಿಯ ವೇಳೆ ತಿಳಿಸುತ್ತಿದೆ. ಅದೇ ತಿಂಗಳ ಕೊನೆಯ ದಿನ 'ಏಪೆಕ್ಸ್ ಲೆಜೆಂಡ್ಸ್' ಎಂಬ ಜನಪ್ರಿಯ ಆಟದ ಒಡೆಯರು, ಮೋಸದಾಟಕ್ಕೆ ಲಿನಕ್ಸ್ ದಾರಿಯಾಗುತ್ತಿದೆಯೆಂಬ ಕಾರಣ ನೀಡಿ ಲಿನಕ್ಸ್ ಆಟಗಾರರನ್ನೆಲ್ಲ ಹೊರಹಾಕಿದರು. ಅದಕ್ಕೂ ಮೊದಲು 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಕಂಪನಿಯು 'ದಿ ಕ್ರೂ' ಎಂಬ ಆಟದ ಸರ್ವರುಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡಿದ್ದವರು ಒಬ್ಬರೇ ಕುಳಿತು ಆಡುವುದೂ ಅಸಾಧ್ಯವಾಯಿತು. ಇದನ್ನು ಪ್ರತಿಭಟಿಸಿ ಯುರೋಪಿನಲ್ಲಿ ಎದ್ದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಮಿಕ್ಕಿ ಸಹಿಗಳು ಬಂದವು.

ಒಬ್ಬ ಒಡೆಯನ ಅಂಗಳದಿಂದ ಎದ್ದು ಇನ್ನೊಬ್ಬ ಒಡೆಯನ ಅಂಗಳದಲ್ಲಿ ಕುಳಿತರೆ ಅದು ಸ್ವಾತಂತ್ರ್ಯವಾಗದು. ವಾಲ್ವ್ ಇಂದು ಲಿನಕ್ಸಿನ ಮಿತ್ರ. ನಾಳಿನ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಇನ್ನೂ ಒಂದು ಮಾತನ್ನು ಮರೆಮಾಚಬಾರದು: ಹೊಸ ಭಾರಿ ಆಟಗಳು ಹತ್ತು ವರ್ಷದ ಗಣಕದಲ್ಲಿ, ಲಿನಕ್ಸಿರಲಿ ವಿಂಡೋಸಿರಲಿ, ನಡೆಯುವುದಿಲ್ಲ. ಅವುಗಳ ಬೆನ್ನು ಹತ್ತಿದವರು ಹೊಸ ಯಂತ್ರ ಕೊಳ್ಳುತ್ತಲೇ ಇರಬೇಕಾಗುತ್ತದೆ. ಹಾಗಾದರೆ ಇ-ತ್ಯಾಜ್ಯ ತಗ್ಗಿದ್ದೆಲ್ಲಿ?

ಹಳೆಯ ಯಂತ್ರಕ್ಕೂ ಹಳ್ಳಿಯ ವಿದ್ಯಾರ್ಥಿಗೂ ಒಗ್ಗುವುದು ಆಟಗಾರರೇ ಕಟ್ಟಿದ ಮುಕ್ತ ಆಟಗಳು. 2003ರಲ್ಲಿ ಆರಂಭವಾದ 'ಬ್ಯಾಟಲ್ ಫಾರ್ ವೆಸ್ನೋತ್' ಚದುರಂಗದಂತೆ ಸರದಿಯ ಮೇಲೆ ಆಡುವ ಆಟ. ಒಂದೇ ಗಣಕದ ಮುಂದೆ ಇಬ್ಬರು ಕುಳಿತು ಆಡಬಹುದು. 'ಸೂಪರ್‌ಟಕ್ಸ್‌ಕಾರ್ಟ್' ಗಾಡಿಗಳ ಪಂದ್ಯ. 2009ರಲ್ಲಿ ಮುಕ್ತವಾದ '0 ಎ.ಡಿ.' ಆಟದಲ್ಲಿ ರೋಮನ್ನರು, ಗ್ರೀಕರ ಜೊತೆಗೆ ಮೌರ್ಯರೂ ಇದ್ದಾರೆ. ಇದಕ್ಕೆ ಮಾತ್ರ ತುಸು ಬಲವಾದ ಯಂತ್ರ ಬೇಕು. ನೆರೆಯ ಕೇರಳದ ಸರ್ಕಾರಿ ಶಾಲೆಗಳು 2000ದ ದಶಕದಲ್ಲೇ ಮುಕ್ತ ತಂತ್ರಾಂಶದತ್ತ ಹೊರಳಿದವು. ಆ ದಾರಿ ಕರ್ನಾಟಕದ ಶಾಲೆಗಳಿಗೂ ಮುಚ್ಚಿಲ್ಲ.

ಮಲೆನಾಡಿನಲ್ಲಿ ಅಂತರ್ಜಾಲ ಇಂದು ಬಂದರೆ ನಾಳೆ ಇಲ್ಲ. ಸದಾ ಸರ್ವರಿನ ಅಪ್ಪಣೆ ಕೇಳುವ ಆಟ ಇಲ್ಲಿಗೆ ಹೊಂದುವುದೇ ಇಲ್ಲ. ಮುಕ್ತ ಆಟವನ್ನು ಪೇಟೆಯಲ್ಲಿ ಒಮ್ಮೆ ಇಳಿಸಿಕೊಂಡರೆ ಸಾಕು, ಪೆನ್‌ಡ್ರೈವಿನಲ್ಲಿ ಊರಿಗೆ ತಂದು ಎಲ್ಲರಿಗೂ ಹಂಚಬಹುದು. ಹಾಗೆ ಹಂಚುವ ವಿದ್ಯಾರ್ಥಿ ಕಳ್ಳನಲ್ಲ. ಪರವಾನಗಿಯೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ದೋಷ ಕಂಡರೆ ತಿಳಿಸಲು, ಬಲ್ಲವರು ತಿದ್ದಲು, ಕನ್ನಡದ ಮಾತುಗಳನ್ನು ಸೇರಿಸಲು ಸಹ ಯಾರ ಅಪ್ಪಣೆಯೂ ಬೇಡ. ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುನ್ನ ಪ್ರತಿ ಮನೆ, ಪ್ರತಿ ಶಾಲೆ ಒಂದು ಭಾನುವಾರವನ್ನು ಈ ಪ್ರಯೋಗಕ್ಕೆ ಮೀಸಲಿಡಲಿ. ಯಂತ್ರ ಉಳಿದೀತು, ಆಟವೂ ಉಳಿದೀತು.