ಮುಂಗಾರಿಗೆ ಮೊದಲು ತಾರಸಿ ಹತ್ತಿ

ಗೃಹಪ್ರವೇಶ ಮುಗಿಸಿ ಹೊಸ ಮನೆಯಲ್ಲಿ ಮೊದಲ ಮಳೆಗಾಲಕ್ಕೆ ಕಾದಿರುವವರಿಗೆ ಕಳಕಳಿಯಿಂದ ಹೇಳುತ್ತಿದ್ದೇನೆ, ಮೇ ಮುಗಿಯುವುದರೊಳಗೆ ಒಮ್ಮೆ ತಾರಸಿ ಹತ್ತಿ ನೋಡಿ. ನೀರು ಇಳಿಯುವ ಪೈಪಿನ ಬಾಯಿಗೆ ಒಣಗಿದ ಎಲೆ, ಪಾರಿವಾಳದ ಪುಕ್ಕ, ಕೆಲಸದವರು ಬಿಟ್ಟುಹೋದ ಸಿಮೆಂಟಿನ ಉಂಡೆ ಸಿಕ್ಕಿಕೊಂಡಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ನಿಂತ ನೀರು ಕೂದಲೆಳೆಯಂಥ ಬಿರುಕಿನಲ್ಲೂ ಇಳಿದು ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೆ ಕಾಂಕ್ರೀಟು ಸೀಳಿ, ಚಾವಣಿಯ ಗಾರೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಒಳಗಿನ ಒದ್ದೆ ಕಲೆಗೆ ಬಣ್ಣ ಬಳಿಸುವುದು ದಂಡದ ಖರ್ಚು, ಮೇಲಿನ ಬಿರುಕು ಹಾಗೇ ಇರುತ್ತದಲ್ಲ. ಅನುಮಾನವಿದ್ದರೆ ಪೈಪಿನ ಬಾಯಿ ಮುಚ್ಚಿ, ತಾರಸಿಯಲ್ಲಿ ಒಂದಂಗುಲ ನೀರು ಕಟ್ಟಿ 24 ಗಂಟೆ ಬಿಟ್ಟು ನೋಡಿ. ಎಲ್ಲಿ ಜಿನುಗುತ್ತದೆ ಎಂಬುದು ಕೆಳಗೆ ತಾನಾಗಿ ಕಾಣುತ್ತದೆ. ಬಿರುಕು ತುಂಬಿಸಿ ವಾಟರ್‌ಪ್ರೂಫಿಂಗ್ ಮಾಡಿಸುವ ಕೆಲಸ ಒಣ ಬಿಸಿಲಿನಲ್ಲೇ ಆಗಬೇಕು. ಜೂನ್ ಬಂದ ಮೇಲೆ ಮೇಸ್ತ್ರಿಯೂ ಸಿಗುವುದಿಲ್ಲ, ಗೋಡೆಯೂ ಒಣಗುವುದಿಲ್ಲ. ಇಳಿದು ಬಂದಾಗ ಮೀಟರ್ ಬೋರ್ಡಿನಲ್ಲಿರುವ, ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನೂ ಒತ್ತಿ. ಕರೆಂಟು ಹೋಗದಿದ್ದರೆ ಅದು ಜೀವ ಕಾಯುವ ಸ್ಥಿತಿಯಲ್ಲಿಲ್ಲ, ಅಂದೇ ಎಲೆಕ್ಟ್ರಿಷಿಯನ್ನನ್ನು ಕರೆಸಿ. ತುಕ್ಕಿನ ಕಾಟ ಗೀಸರಿಗೂ ಇದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ಗೀಸರಿನೊಳಗಿನ ಆನೋಡ್ ಕಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು. ಅದು ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಪೂರ್ತಿ ಸವೆದ ಮೇಲೆ ತುಕ್ಕು ಹಿಡಿಯುವುದು ಟ್ಯಾಂಕಿಗೇ.