ಹಿಚ್ ಬೇಡ, ಪಿಕಪ್ ಬಾಡಿಗೆಗೆ ತಗೊಳ್ಳೋಣ

ನಮ್ಮ ಕಾಲೇಜಿನ ಬಾಜಾ ಟೀಮ್‌ನ ವಾಟ್ಸಾಪ್ ಗ್ರೂಪಲ್ಲಿ ಎರಡು ವಾರದಿಂದ ಒಂದೇ ಚರ್ಚೆ. ನಾವೇ ಕಟ್ಟಿರೋ ಒಂಟಿ ಸೀಟಿನ ಬಗ್ಗಿಯನ್ನ ಟೆಸ್ಟಿಂಗ್‌ಗೆ ಒಯ್ಯೋಕೆ ಪ್ರತಿ ಸಲ ಪಿಕಪ್ ಗಾಡಿಗೆ ಬಾಡಿಗೆ ಕೊಟ್ಟು ಎಲ್ಲರಿಗೂ ಸಾಕಾಗಿದೆ. ಅದರ ಬದಲು ಒಬ್ಬ ಸೀನಿಯರ್ ಹತ್ರ ಇರೋ ಸಣ್ಣ ಎಸ್‌ಯುವಿಗೆ ಟ್ರೇಲರ್ ಹಿಚ್ ಹಾಕ್ಸಿ, ವರ್ಕ್‌ಶಾಪಲ್ಲೇ ಒಂದು ಟ್ರೇಲರ್ ಮಾಡಿಬಿಡೋಣ ಅನ್ನೋದು ಪ್ರಸ್ತಾಪ. ದುಡ್ಡು ಉಳಿಯುತ್ತೆ, ಮನಸ್ಸು ಬಂದಾಗ ಹೊರಡಬಹುದು, ಪೀತಂಪುರಕ್ಕೂ ಅದರಲ್ಲೇ ಹೋಗಬಹುದು ಅಂತ ವಾದ. ತಲೆಗೆ ಇಷ್ಟು ಅಂತ ಲಿಸ್ಟ್ ಕೂಡ ಶುರುವಾಗಿದೆ. ನಾನು ಇದಕ್ಕೆ ವಿರುದ್ಧ. ಗ್ರೂಪಲ್ಲಿ ಎರಡು ಸಾಲು ಹಾಕಿದ್ರೆ ‘ಪುಕ್ಕಲ’ ಅಂತ ಸ್ಟಿಕ್ಕರ್ ಬರುತ್ತೆ, ಅದಕ್ಕೇ ಇಲ್ಲಿ ಉದ್ದಕ್ಕೆ ಬರೀತಿದ್ದೀನಿ. ಟೀಮಲ್ಲಿ ಇಲ್ಲದವರೂ ಓದಬಹುದು. ಮೊದಲ ವರ್ಷದ ಮೆಕ್ಯಾನಿಕ್ಸ್ ಪಾಸಾಗಿದ್ರೆ ಸಾಕು.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಎಷ್ಟೋ ಕಾರುಗಳ ಟೂಲ್ ಕಿಟ್ ಜೊತೆ ಒಂದು ಉಂಗುರದ ಬೋಲ್ಟ್ ಕೊಟ್ಟಿರ್ತಾರೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಹಾಕೋದು. ಅದು ಕೆಟ್ಟು ನಿಂತ ಗಾಡಿಯನ್ನ ನಿಧಾನಕ್ಕೆ ಎಳೆದು ಪಕ್ಕಕ್ಕೆ ಹಾಕೋಕೆ. ಹಿಚ್ ಬೇರೆ. ಕಾರಿನ ಅಡಿಯ ಗಟ್ಟಿ ಭಾಗಕ್ಕೆ ಬೋಲ್ಟ್ ಮಾಡಿದ ಒಂದು ಅಡ್ಡ ಬೀಮ್, ಅದರಿಂದ ಹೊರಗೆ ಬಂದ ಉಕ್ಕಿನ ಗುಂಡು, ಆ ಗುಂಡಿನ ಮೇಲೆ ಟ್ರೇಲರಿನ ಮೂತಿ ಕೂತ್ಕೊಳ್ಳುತ್ತೆ. ಇನ್ನು ನಮ್ಮ ಊರುಗಳಲ್ಲಿ ಕಾಣೋ ಎಷ್ಟೋ ಹಿಚ್‌ಗಳು ಏನನ್ನೂ ಎಳೆಯೋಕೆ ಹಾಕ್ಸಿದ್ದಲ್ಲ. ಸಿಗ್ನಲ್ಲಲ್ಲಿ ಹಿಂದಿನ ಆಟೋ ಗುದ್ದಿದ್ರೆ ನಮ್ಮ ಬಂಪರ್ ಉಳೀಲಿ, ಅವನ ಮುಂದಿನ ಚಕ್ರ ಹೋಗ್ಲಿ ಅನ್ನೋ ಲೆಕ್ಕ. ಜೊತೆಗೆ ಸ್ವಲ್ಪ ಶೋಕಿ. ಆಕ್ಸೆಸರಿ ಅಂಗಡಿಯಲ್ಲಿ ‘ಟೋ ಹುಕ್’ ಅಂತ ಸಿಗೋದು ಬಹುಪಾಲು ಇದೇ ಅಲಂಕಾರ. ಅದರ ಮೇಲೆ 600 ಕೆ.ಜಿ. ನೇತುಹಾಕಿ ಹೆದ್ದಾರಿಗೆ ಇಳಿಯೋ ಮಾತು ನಾವು ಆಡ್ತಿರೋದು.

600 ಎಲ್ಲಿಂದ ಬಂತು? ಬಗ್ಗಿ ಸುಮಾರು 200. ಕಬ್ಬಿಣದ ಚಾನೆಲ್‌ನಲ್ಲಿ ನಾವು ಮಾಡೋ ಟ್ರೇಲರ್ 280ಕ್ಕಿಂತ ಕಡಿಮೆ ಬರಲ್ಲ. ಟೂಲ್ಸು, ಸ್ಪೇರ್ ಚಕ್ರ, ಜನರೇಟರು, ಎಲ್ಲ ಅಲ್ಲೇ ತುಂಬ್ತೀವಿ, ಅದು 120.

ಗ್ರೂಪಲ್ಲಿ ಎಲ್ಲರೂ ಕೇಳ್ತಿರೋದು ‘ಎಳೆಯುತ್ತಾ ಮಗಾ?’ ಅಂತ. ಎಳೆಯುತ್ತೆ. ಸಮತಟ್ಟು ರಸ್ತೆಯಲ್ಲಿ ಚಕ್ರದ ಮೇಲಿರೋ 600 ಕೆ.ಜಿ.ಯನ್ನ ಎಳೆಯೋದು ಇವತ್ತಿನ ಟರ್ಬೋ ಎಂಜಿನ್‌ಗೆ ದೊಡ್ಡ ವಿಷಯವೇ ಅಲ್ಲ. ಆದರೆ ಕಂಪನಿಗಳು ಟೋಯಿಂಗ್‌ಗೆ ಕೊಡೋ ಸಂಖ್ಯೆ ಬರೀ ಎಂಜಿನ್ ನೋಡಿ ಕೊಟ್ಟಿದ್ದಲ್ಲ. ಸುಜುಕಿ ಜಿಮ್ನಿಯನ್ನೇ ನೋಡಿ. ಬ್ರಿಟನ್‌ನಲ್ಲಿ ಮಾರಿದ ಮೂರು ಬಾಗಿಲಿನ ಜಿಮ್ನಿಗೆ ಎರಡು ಸಂಖ್ಯೆ ಇದೆ: ಟ್ರೇಲರಿಗೆ ಸ್ವಂತ ಬ್ರೇಕ್ ಇದ್ದರೆ 1300 ಕೆ.ಜಿ., ಇಲ್ಲದಿದ್ದರೆ 350 ಕೆ.ಜಿ. ಅದೇ ಗಾಡಿ, ಅದೇ 1.5 ಲೀಟರ್ ಎಂಜಿನ್, ಅದೇ ಚಾಸಿ. ಆ 950 ಕೆ.ಜಿ. ವ್ಯತ್ಯಾಸ ಪೂರ್ತಿ ಬ್ರೇಕಿನದ್ದು. ನನಗೆ ಇಡೀ ಜಗಳಕ್ಕೆ ಇದೊಂದು ಸಾಲು ಸಾಕು ಅನ್ಸುತ್ತೆ, ಆದರೆ ನಮ್ಮವರು ಲೆಕ್ಕ ತೋರ್ಸು ಅಂತಾರೆ.

ತೋರಿಸ್ತೀನಿ. ಕಾರು, ಒಳಗೆ ಐದು ಜನ, ಬ್ಯಾಗು ಸೇರಿ 1550 ಕೆ.ಜಿ. ಅಂದುಕೊಳ್ಳಿ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22.2 ಮೀಟರ್. ಜೋರಾಗಿ ಬ್ರೇಕ್ ಒತ್ತಿದಾಗ ಕಾರೊಂದೇ ಸೆಕೆಂಡಿಗೆ 7 ಮೀ. ದರದಲ್ಲಿ ವೇಗ ಕಳಕೊಂಡ್ರೆ ಸುಮಾರು 35 ಮೀಟರಲ್ಲಿ ನಿಲ್ಲುತ್ತೆ. ಈಗ ಹಿಂದೆ ಬ್ರೇಕ್ ಇಲ್ಲದ 600 ಕೆ.ಜಿ. ಕಟ್ಟಿ. ನಿಲ್ಲಿಸೋ ಬಲ ಹೆಚ್ಚುಕಮ್ಮಿ ಅಷ್ಟೇ, ನಿಲ್ಲಿಸಬೇಕಾದ ತೂಕ 2150. ದೂರ 49 ಮೀಟರ್ ಆಗುತ್ತೆ. ಹದಿನಾಲ್ಕು ಮೀಟರ್ ಜಾಸ್ತಿ, ಅಂದರೆ ಸಾಲಾಗಿ ನಿಂತ ಮೂರೂವರೆ ಸಣ್ಣ ಕಾರು. ಇದು ಸಮತಟ್ಟು ರಸ್ತೆಯ, ಒಳ್ಳೆ ಟೈರಿನ, ತಣ್ಣಗಿರೋ ಬ್ರೇಕಿನ ಲೆಕ್ಕ. ಪೀತಂಪುರ ಬೆಂಗಳೂರಿಂದ 1300 ಕಿ.ಮೀ.ಗೂ ದೂರ. ಧುಳೆ ದಾಟಿದ ಮೇಲೆ ಸೇಂಧ್ವಾ ಹತ್ರ ಬಿಜಾಸನ್ ಘಾಟ್ ಬರುತ್ತೆ, ಲಾರಿಗಳೇ ತೆವಳೋ ಜಾಗ. ವಾಪಸ್ ಬರುವಾಗ ಸುಸ್ತಾದ ನಮ್ಮ ಡ್ರೈವರ್ ಆ ಇಳಿಜಾರಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ, ಬಿಸಿಯಾದ ಬ್ರೇಕ್ ಹಿಡಿತ ಕಳಕೊಳ್ಳುತ್ತೆ. ಆಗ ಮೇಲಿನ ಲೆಕ್ಕದ 7 ಅನ್ನೋ ಸಂಖ್ಯೆಯೇ ಉಳಿಯಲ್ಲ.

ಯುರೋಪಿನ ನಿಯಮ ಗೊತ್ತಿರೋರು ಒಂದು ಮಾತು ಹೇಳಬಹುದು: ಅಲ್ಲಿ ಬ್ರೇಕ್ ಇಲ್ಲದ ಟ್ರೇಲರ್ 750 ಕೆ.ಜಿ. ಅಥವಾ ಕಾರಿನ ತೂಕದ ಅರ್ಧ, ಯಾವುದು ಕಡಿಮೆಯೋ ಅಷ್ಟರ ತನಕ ನಡೆಯುತ್ತೆ. ಖಾಲಿ ಕಾರು 1200 ಇದ್ದರೆ ಅರ್ಧ 600, ಅಂಚಿಗೆ ಸರಿಹೋಯ್ತಲ್ಲ ಅಂತ. ಹೋಯ್ತು, ಆದರೆ ಅದು ಕಾನೂನಿನ ಮೇಲ್ಮಿತಿ. ಕಂಪನಿ ಅದಕ್ಕಿಂತ ಕಡಿಮೆ ಹೇಳಿದ್ರೆ ಕಂಪನಿ ಮಾತೇ ಕೊನೆ. ಜಿಮ್ನಿಯಲ್ಲಿ ಆಗಿರೋದು ಅದೇ. ನಮ್ಮ ಸೀನಿಯರ್ ಕಾರಿಗೆ ಕಂಪನಿ ಕೊಟ್ಟ ಸಂಖ್ಯೆ ಏನು ಅಂತ ಗ್ರೂಪಲ್ಲಿ ಇವತ್ತಿನ ತನಕ ಯಾರೂ ಹಾಕಿಲ್ಲ.

ಇನ್ನು ಬೋಲ್ಟ್ ಎಲ್ಲಿಗೆ? ಬೊಲೆರೊ, ಥಾರ್, ಸ್ಕಾರ್ಪಿಯೊ ಥರದ ಗಾಡಿಗಳಿಗೆ ಅಡಿಯಲ್ಲಿ ಏಣಿಯಂಥ ಚಾಸಿ ಇದೆ. ನಾಲ್ಕು ಮೀಟರ್ ಒಳಗಿನ ಇವತ್ತಿನ ಸಣ್ಣ ಎಸ್‌ಯುವಿಗಳು ಹೆಚ್ಚಿನವು ಮಾನೊಕಾಕ್, ಬಾಡಿನೇ ಚಾಸಿ. ಹಿಂದೆ ಡಿಕ್ಕಿ ಅಡಿಯಲ್ಲಿ ಎರಡು ಉದ್ದ ರೈಲ್ ಇರುತ್ತೆ, ಹಿಚ್‌ನ ಭಾರ ಅಲ್ಲಿಗೇ ಹೋಗಬೇಕು. ಬಂಪರ್ ಹಿಂದಿನ ಪಟ್ಟಿ ಗುದ್ದಿದಾಗ ಮಡಚಿಕೊಂಡು ಏಟು ತಿನ್ನೋಕೆ ಇರೋದು, ಸಾವಿರಾರು ಸಲ ಎಳೆತ ತಡೆಯೋಕೆ ಅಲ್ಲ. ನಮ್ಮ ಟೀಮಿನವರು ವಿಚಾರಿಸಿದ ವೆಲ್ಡಿಂಗ್ ಅಂಗಡಿಯ ಅಣ್ಣ, ‘ಎಂಟು ಎಂಎಂ ಪ್ಲೇಟ್ ಹಾಕ್ಕೊಡ್ತೀನಿ, ಆನೆ ಕಟ್ಟಿ ಎಳೀರಿ’ ಅಂದರಂತೆ. ಅವರ ಕೈಕೆಲಸದ ಬಗ್ಗೆ ನನಗೆ ಅನುಮಾನ ಇಲ್ಲ. ಪ್ಲೇಟ್ ಮುರಿಯಲ್ಲ. ಪ್ಲೇಟ್ ಹಿಡಿದುಕೊಂಡಿರೋ ತೆಳು ಶೀಟ್ ಹರಿಯುತ್ತೆ. ಅದರಲ್ಲೂ ಈಗಿನ ಬಾಡಿಗಳಲ್ಲಿ ಬಳಸೋ ಹೈ ಸ್ಟ್ರೆಂತ್ ಸ್ಟೀಲಿಗೆ ವೆಲ್ಡಿಂಗ್ ಬಿಸಿ ತಾಗಿದ್ರೆ ಪಕ್ಕದ ಜಾಗ ಮೆತ್ತಗಾಗುತ್ತೆ, ಮೆಟೀರಿಯಲ್ ಸೈನ್ಸ್ ಕ್ಲಾಸಲ್ಲಿ ನಿದ್ದೆ ಮಾಡದವರಿಗೆ ಇದು ನೆನಪಿರಬೇಕು.

ಟ್ರೇಲರಿನ ಮೂತಿ ಗುಂಡಿನ ಮೇಲೆ ಒತ್ತೋ ಭಾರಕ್ಕೆ ಟಂಗ್ ವೇಟ್ ಅಂತಾರೆ. ಅಮೆರಿಕದಲ್ಲಿ ಒಟ್ಟು ತೂಕದ 10ರಿಂದ 15 ಶೇಕಡ ಇರಬೇಕು ಅಂತ ಲೆಕ್ಕ, ಯುರೋಪಿನಲ್ಲಿ ಇನ್ನೂ ಕಡಿಮೆ. ನಮ್ಮದಕ್ಕೆ 60 ಕೆ.ಜಿ. ಹಿಡಿಯೋಣ. ಗುಂಡು ಹಿಂದಿನ ಆಕ್ಸಲ್‌ನಿಂದ 0.9 ಮೀ. ಹಿಂದೆ, ವೀಲ್‌ಬೇಸ್ 2.5 ಮೀ. ಮೊಮೆಂಟ್ ತಗೊಂಡ್ರೆ ಮುಂದಿನ ಆಕ್ಸಲ್ ಮೇಲಿಂದ ಸುಮಾರು 22 ಕೆ.ಜಿ. ಎದ್ದುಹೋಗುತ್ತೆ, ಹಿಂದಿನದಕ್ಕೆ 82 ಸೇರುತ್ತೆ. ನಿಜ ಹೇಳಬೇಕಂದ್ರೆ ಇದು ಹೆದರೋ ಸಂಖ್ಯೆ ಅಲ್ಲ. ಹೆದರಬೇಕಾದ್ದು ಇದು ಕಡಿಮೆಯಾದಾಗ. ಭಾರ ಟ್ರೇಲರ್ ಆಕ್ಸಲ್‌ನ ಹಿಂದಕ್ಕೆ ಹೋದರೆ ಮೂತಿ ಹಗುರಾಗುತ್ತೆ, ಒಂದು ವೇಗ ದಾಟಿದ ಮೇಲೆ ಪಕ್ಕದಲ್ಲಿ ಬಸ್ ಹೋದ ಗಾಳಿಗೇ ಟ್ರೇಲರ್ ಹಾವಿನ ಥರ ಓಲಾಡೋಕೆ ಶುರುಮಾಡುತ್ತೆ, ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದು. ಕೊನೆಗೆ ಕಾರಿನ ಬಾಲವನ್ನೇ ಎಳೆದು ಅಡ್ಡ ಹಾಕುತ್ತೆ. ಈಗ ನಮ್ಮ ಬಗ್ಗಿ ನೆನಪಿಸಿಕೊಳ್ಳಿ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಡ್ರೈವರ್ ಬೆನ್ನ ಹಿಂದೆ. ಎಲ್ಲರೂ ಮಾಡೋ ಹಾಗೆ ಬಗ್ಗಿಯನ್ನ ನೇರ ಓಡಿಸಿ ಟ್ರೇಲರ್ ಹತ್ತಿಸಿ ನಿಲ್ಲಿಸಿದ್ರೆ ಭಾರವಾದ ತುದಿ ಕೂರೋದು ಸರಿಯಾಗಿ ತಪ್ಪಾದ ಜಾಗದಲ್ಲೇ. ಟ್ರೇಲರ್ ಡಿಸೈನ್ ಅಂತ ಗ್ರೂಪಿಗೆ ಬಂದ ಸ್ಕೆಚ್‌ನಲ್ಲಿ ಆಕ್ಸಲ್ ನಟ್ಟನಡುವೆ ಇದೆ. ಬಗ್ಗಿಯ ಸೆಂಟರ್ ಆಫ್ ಗ್ರಾವಿಟಿ ಎಲ್ಲಿ ಬರುತ್ತೆ ಅಂತ ಗುರುತೇ ಇಲ್ಲ.

‘ಬೆಳಗಾವಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಒಂದರ ಹಿಂದೆ ಒಂದು ಎರಡು ಟ್ರೇಲರ್ ಎಳೆಯಲ್ವಾ ಗುರೂ?’ ಅಂತ ಒಬ್ಬ ಕೇಳಿದ. ಒಳ್ಳೆ ಪ್ರಶ್ನೆ. ಟ್ರ್ಯಾಕ್ಟರ್ ಹುಟ್ಟಿರೋದೇ ಎಳೆಯೋಕೆ, ಅದರ ಕೊಂಡಿ ದೊಡ್ಡ ಹಿಂದಿನ ಚಕ್ರಗಳ ಹತ್ತಿರವೇ ಇದೆ, ಹೋಗೋದು ಸೈಕಲ್‌ಗಿಂತ ಸ್ವಲ್ಪ ಜೋರಾಗಿ. ಓಲಾಟ ಶುರುವಾಗೋ ವೇಗ ಅದಕ್ಕೆ ಮುಟ್ಟೋಕೇ ಆಗಲ್ಲ. ಹಾಗಿದ್ದೂ ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಅದರ ಹಿಂದೆ ಬೈಕ್ ಓಡಿಸಿದವರನ್ನ ಕೇಳಿ, ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಅಂದ್ರೆ ಏನು ಅಂತ ಹೇಳ್ತಾರೆ.

ಲೈಟಿನ ಮಾತು ಬಂತಲ್ಲ, ಬೇಗ ಮುಗಿಸ್ತೀನಿ. ಟೇಲ್ ಲ್ಯಾಂಪ್ ವೈರನ್ನ ಬ್ಲೇಡಲ್ಲಿ ಸುಲಿದು ಟೇಪ್ ಸುತ್ತೋದಲ್ಲ. ಈಗಿನ ಕಾರುಗಳಲ್ಲಿ ಲೈಟನ್ನ ನೋಡಿಕೊಳ್ಳೋದು ಕಂಪ್ಯೂಟರ್. ಬ್ಯಾಟರಿಯಿಂದ ಫ್ಯೂಸ್ ಹಾಕಿ ಬೇರೆ ಕರೆಂಟ್ ತಗೊಂಡು, ಕಾರಿನ ಲೈಟಿಂದ ಸಿಗ್ನಲ್ ಮಾತ್ರ ಓದೋ ಮಾಡ್ಯೂಲ್ ಬೇಕು. ನಮ್ಮ ಇಸಿ ಗೆಳೆಯರು ಇದನ್ನ ಒಂದು ಮಿನಿ ಪ್ರಾಜೆಕ್ಟಲ್ಲಿ ಮುಗಿಸ್ತಾರೆ, ಇಡೀ ಪ್ಲಾನಲ್ಲಿ ನನಗೆ ಭಯ ಇಲ್ಲದ ಭಾಗ ಇದೊಂದೇ.

ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯಾನದಲ್ಲಿ ‘ಮೋಟಾರು ವಾಹನ’ ಅಂದ್ರೆ ಟ್ರೇಲರ್ ಕೂಡ ಸೇರುತ್ತೆ. ಎಂಜಿನ್ನೇ ಇಲ್ಲದ ಮೋಟಾರು ವಾಹನ, ಕೇಳೋಕೆ ತಮಾಷೆ. ಆದರೆ ಅದರ ಅರ್ಥ, ಅದಕ್ಕೂ ಆರ್‌ಟಿಒ ರಿಜಿಸ್ಟ್ರೇಷನ್ ಬೇಕು, ನಂಬರ್ ಪ್ಲೇಟ್ ಬೇಕು. ವರ್ಕ್‌ಶಾಪಲ್ಲಿ ಮಾಡಿದ್ದನ್ನ ಹೋಗಿ ತೋರಿಸಿದ ತಕ್ಷಣ ಸಿಗೋದಲ್ಲ. ಕಾರನ್ನ ಮನಸ್ಸಿಗೆ ಬಂದಂತೆ ಬದಲಾಯಿಸೋಕೆ ಅದೇ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಇದೆ. 2017ರ ಡಿಸೆಂಬರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಾಗ ಹಿಡಿದುಕೊಂಡಿದ್ದೂ ಇದೇ ಸೆಕ್ಷನ್. ನಾಳೆ ಏನಾದ್ರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದು ‘ಈ ಹುಕ್ ಯಾರು ಹಾಕಿದ್ದು’ ಅಂತ. ಆರ್‌ಸಿಯಲ್ಲಿ ಇರೋ ಹೆಸರು ಸೀನಿಯರ್ ಅಪ್ಪನದ್ದು, ನಮ್ಮ ಟೀಮಿನದ್ದಲ್ಲ.

ಹಾಗಂತ ನಾನು ಹಿಚ್ ವಿರೋಧಿ ಅಲ್ಲ. ಬ್ರಿಟನ್ನು, ಆಸ್ಟ್ರೇಲಿಯಾದಲ್ಲಿ ಮನೆಮನೆಯವರು ಸಣ್ಣ ಕಾರಿಗೆ ಟ್ರೇಲರ್ ಕಟ್ಟಿ ಆರಾಮಾಗಿ ಹೋಗ್ತಾರೆ, ಯಾಕಂದ್ರೆ ಅಲ್ಲಿ ಯಾವ ಕಾರಿಗೆ ಎಷ್ಟು ಅಂತ ಬರೆದಿಟ್ಟಿರ್ತಾರೆ. ನಮ್ಮ ಬ್ರೋಷರ್‌ಗಳಲ್ಲಿ ಸನ್‌ರೂಫ್ ಅಗಲ, ಒಳಗಿನ ಲೈಟಿನ ಬಣ್ಣ ಎಲ್ಲ ಸಿಗುತ್ತೆ, ಟೋಯಿಂಗ್ ಸಂಖ್ಯೆ ಹುಡುಕಿದರೂ ಸಿಗೋದು ಕಷ್ಟ. ಇಲ್ಲಿಂದಲೇ ಹೊರದೇಶಕ್ಕೆ ಕಾರು ಕಳಿಸೋ ಕಂಪನಿಗಳು ಆ ಒಂದು ಸಾಲನ್ನ ನಮಗೂ ಅಚ್ಚು ಹಾಕಿದ್ರೆ ಅಲಂಕಾರದ ಹುಕ್ ಮಾರೋ ಅಂಗಡಿಗಳ ಮಾತು ಇಷ್ಟು ನಡೀತಿರಲಿಲ್ಲ. ಸಂಖ್ಯೆ ಸಿಕ್ಕಿ, ಕಂಪನಿ ಗುರುತಿಸಿದ ಜಾಗಕ್ಕೇ ಬೋಲ್ಟ್ ಆಗೋ ಹಿಚ್ ಸಿಕ್ಕಿ, ಟ್ರೇಲರಿಗೆ ಓವರ್‌ರನ್ ಬ್ರೇಕ್ ಇದ್ದರೆ (ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತಲ್ಲ, ಆ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುತ್ತೆ) ನಾನೇ ಮೊದಲು ದುಡ್ಡು ಹಾಕ್ತೀನಿ. ಅಂಥ ಬ್ರೇಕ್ ಡಿಸೈನ್ ಮಾಡೋದು ಕೊನೆ ವರ್ಷದವರಿಗೆ ಬೊಂಬಾಟ್ ಪ್ರಾಜೆಕ್ಟ್. ಕ್ಯಾಂಪಸ್ ಒಳಗೇ ಟ್ರ್ಯಾಕ್ಟರಿಗೆ ಕಟ್ಟಿ ಟೆಸ್ಟ್ ಮಾಡಬಹುದು, ಹೆದ್ದಾರಿಗೆ ಹೋಗಲೇಬೇಕಿಲ್ಲ.

ಈ ಸಲಕ್ಕೆ ಮಾತ್ರ ಪಿಕಪ್ಪೇ ಇರಲಿ. ತೂಕ ಅದರ ಆಕ್ಸಲ್ ಮೇಲೆ, ಬ್ರೇಕ್ ಅದರದ್ದೇ, ಓಡಿಸೋನು ಅದೇ ಕೆಲಸದವನು. ಶನಿವಾರದ ಮೀಟಿಂಗ್‌ಗೆ ಮುಂಚೆ ಬಗ್ಗಿಯನ್ನ ಒಮ್ಮೆ ವೇ ಬ್ರಿಡ್ಜಿಗೆ ಹತ್ತಿಸಿ, ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗಿ ಬನ್ನಿ, ನಾನು ಹೇಳಿದ್ದು ಹೆಚ್ಚೋ ಕಡಿಮೆಯೋ ಗೊತ್ತಾಗುತ್ತೆ. ಲಿಸ್ಟಲ್ಲಿ ನನ್ನ ಹೆಸರಿನ ಮುಂದೆ ಬರೆದಿರೋ ದುಡ್ಡಲ್ಲಿ ನಾಲ್ಕು ಒಳ್ಳೆ ರ‍್ಯಾಚೆಟ್ ಬೆಲ್ಟ್ ತಗೊಳ್ಳಿ. ಪಿಕಪ್ಪಲ್ಲಿ ಬಗ್ಗಿ ಕಟ್ಟೋಕೆ ನೈಲಾನ್ ಹಗ್ಗ ಸಾಕು ಅನ್ನೋರು ಟೀಮಲ್ಲಿ ಇನ್ನೂ ಮೂರು ಜನ ಇದ್ದಾರೆ, ಆದರೆ ಅದು ಬೇರೆ ಜಗಳ.